ಕೊಳವಳಿಕೆ ಎಂಬ ಕೋಕಿಲಾಕ್ಷ

ಕೆಸರಿನ ಹೂವು ಎಂದೊಡನೆ ನಮ್ಮೆಲ್ಲರ ನಾಲಗೆಯ ಮೇಲೆ ಬರುವ ಹೆಸರು ತಾವರೆ. ಕವಿಗಳೂ ಪುರಾಣಿಕರೂ ಪ್ರವಚನಕಾರರೂ ಆ ಒಂದು ಹೂವನ್ನೇ ಹಿಡಿದು ಕೆಸರಿನ ಮಾತನ್ನಾಡುತ್ತ ಬಂದಿದ್ದಾರೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ತಾವರೆಯು ಹೆಚ್ಚಾಗಿ ಪುಸ್ತಕದ ಹೂವೇ ಸರಿ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ಹನ್ನೆರಡು ತಿಂಗಳೂ ನಿಲ್ಲುವ ಆಳದ ನೀರು ಎಲ್ಲಿಂದ ಬರಬೇಕು? ನಮ್ಮದು ಋತುಮಾನದ ಕೆಸರು. ಭಾದ್ರಪದದ ಮಳೆಗೆ ಹಳ್ಳದ ಮಗ್ಗುಲಲ್ಲಿ, ಕೆರೆಯಂಗಳದಲ್ಲಿ, ರಸ್ತೆಯ ಬದಿಯ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಮಾಘ ಮಾಸ ಮುಗಿಯುವುದರೊಳಗೆ ಅದೇ ನೆಲ ಅಂಗೈ ಅಗಲದ ಬಿರುಕು ಬಿಡುತ್ತದೆ. ನಿಂತ ನೀರಿಗೂ ಬಿರಿದ ನೆಲಕ್ಕೂ ನಡುವಿನ ನಾಲ್ಕಾರು ತಿಂಗಳಿನಲ್ಲಿ ಹುಟ್ಟಿ, ಹೂತು, ಬೀಜ ಕಟ್ಟಿ ಒಣಗಿ ಹೋಗುವ ಗಿಡವೊಂದುಂಟು. ಅದೇ ಕೊಳವಳಿಕೆ. ಸಂಸ್ಕೃತದಲ್ಲಿ ಅದನ್ನು ಕೋಕಿಲಾಕ್ಷ ಎಂದು ಕರೆದಿದ್ದಾರೆ. ಮರಾಠಿಯ ನೆರೆಯಲ್ಲಿರುವ ನಮ್ಮ ಭಾಗದ ಗಾಂವಟಿ ಔಷಧದ ಅಂಗಡಿಗಳಲ್ಲಿ ಅದರ ಬೀಜವನ್ನು ತಾಲಿಮಖಾನಾ ಎಂಬ ಹೆಸರಿನಿಂದ ತೂಗಿ ಕೊಡುತ್ತಾರೆ.

ಗಿಡವನ್ನು ಒಮ್ಮೆ ಗುರುತಿಸಿದವರು ಮತ್ತೆ ಮರೆಯುವಂತಿಲ್ಲ. ಮೊಳಕಾಲೆತ್ತರದಿಂದ ಎದೆಯೆತ್ತರದವರೆಗೆ ಬೆಳೆಯುತ್ತದೆ. ಕಾಂಡ ನೆಟ್ಟಗಿರುತ್ತದೆ, ಕವಲು ಕಡಿಮೆ. ಗಿಣ್ಣುಗಳು ಉಬ್ಬಿರುತ್ತವೆ, ಮೈಯೆಲ್ಲ ಬಿರುಸಾದ ರೋಮ. ಪ್ರತಿಯೊಂದು ಗಿಣ್ಣಿನ ಸುತ್ತಲೂ ಆರು ಎಲೆಗಳು. ಹೊರಗಿನ ಎರಡು ಉದ್ದನೆಯವು, ಒಳಗಿನ ನಾಲ್ಕು ಚಿಕ್ಕವು. ಆ ಆರು ಎಲೆಗಳ ಕಂಕುಳಲ್ಲಿ ಆರು ಹಳದಿ ಮುಳ್ಳುಗಳು, ಒಂದೊಂದೂ ಅಂಗುಲದಷ್ಟು ಉದ್ದ, ದಬ್ಬಣದಷ್ಟು ಚೂಪು. ಈ ಮುಳ್ಳಿನ ಬೇಲಿಯ ನಡುವೆ ಎಂಟು ಹೂಗಳು, ಜೋಡಿ ಜೋಡಿಯಾಗಿ ನಾಲ್ಕು ಜೋಡಿ, ನೀಲಿ ಬೆರೆತ ನೇರಳೆ ಬಣ್ಣದಲ್ಲಿ ಅರಳುತ್ತವೆ. ಹೂವಿಗೆ ಎರಡು ತುಟಿ; ಮೇಲಿನದು ಎರಡಾಗಿ ಸೀಳಿರುತ್ತದೆ, ಕೆಳಗಿನದು ಮೂರಾಗಿ. ಶೀಗಿ ಹುಣ್ಣಿಮೆಯ ಹೊತ್ತಿಗೆ ಹೊಲಕ್ಕೆ ಹೋಗುವವರಿಗೆ ಮೊದಲ ಹೂಗಳು ಕಾಣಿಸುತ್ತವೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗಲೂ ಹಳ್ಳದ ದಂಡೆಯಲ್ಲಿ ಇನ್ನೂ ಉಳಿದಿರುತ್ತವೆ. ಶಿವರಾತ್ರಿಯ ಹೊತ್ತಿಗೆ ನಿಂತಿರುವುದು ಒಣ ಕಡ್ಡಿ ಮತ್ತು ಮುಳ್ಳು ಮಾತ್ರ.

ನಮ್ಮ ತಾಯಂದಿರು ಮುಡಿಯುವ ಅಬ್ಬಲಿಗೆ, ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆ ಇವೆಲ್ಲ ಇದರ ದಾಯಾದಿಗಳು. ಸಸ್ಯಶಾಸ್ತ್ರಜ್ಞರು ಇವನ್ನು ಅಕಾಂಥೇಸೀ ಎಂಬ ಒಂದೇ ಕುಟುಂಬಕ್ಕೆ ಸೇರಿಸುತ್ತಾರೆ.

ಹೆಸರುಗಳ ವಿಚಾರವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಯುಕ್ತ. ಮಠದ ಪಾಠಶಾಲೆಗಳಲ್ಲಿ ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ವನೌಷಧಿವರ್ಗದಲ್ಲಿ ಈ ಗಿಡದ ಪರ್ಯಾಯಪದಗಳು ಒಟ್ಟಾಗಿ ಬರುವುದು ನೆನಪಿರಬಹುದು. ಕೋಕಿಲಾಕ್ಷ, ಇಕ್ಷುರ, ಕ್ಷುರ, ಇಕ್ಷುಗಂಧಾ, ಕಾಂಡೇಕ್ಷು ಎಂಬವೇ ಅವು. ಇಕ್ಷು ಎಂದರೆ ಕಬ್ಬು. ಗಿಣ್ಣು ಗಿಣ್ಣಾಗಿ ನೆಟ್ಟಗೆ ನಿಲ್ಲುವ ಕಾಂಡವನ್ನು ಕಂಡವರಿಗೆ ಆ ಹೋಲಿಕೆ ತಾನಾಗಿಯೇ ಹೊಳೆಯುತ್ತದೆ. ಕ್ಷುರ ಎಂದರೆ ಕ್ಷೌರಿಕನ ಕತ್ತಿ. ಆ ಹೆಸರು ಏಕೆ ಬಂದಿತೆಂಬುದನ್ನು ಗಿಡವನ್ನು ಬರಿಗೈಯಿಂದ ಹಿಡಿದವರು ವಿವರಿಸಬಲ್ಲರು. ಇನ್ನು ಕೋಕಿಲಾಕ್ಷ, ಅಂದರೆ ಕೋಗಿಲೆಯ ಕಣ್ಣು. ಕೆಲವರು ಇದನ್ನು ಹೂವಿಗೆ ಅನ್ವಯಿಸಿ ಅರ್ಥ ಹೇಳುತ್ತಾರೆ. ಅದು ಸಮಂಜಸವೆಂದು ತೋರುವುದಿಲ್ಲ. ಕೋಗಿಲೆಯ ಕಣ್ಣು ಕೆಂಪು, ಹೂವು ನೀಲಿ. ಬೀಜವಾದರೋ ದುಂಡಗೆ, ಚಪ್ಪಟೆಯಾಗಿ, ಕೆಂಗಂದು ಬಣ್ಣದ್ದಾಗಿರುತ್ತದೆ. ಹೆಸರಿಟ್ಟವನು ಬೀಜವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿಯೇ ಇಟ್ಟಿರಬೇಕು. ಇಂದು ಈ ಪದಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲ ವಿದ್ಯಾರ್ಥಿಗಳು ಸಿಗುತ್ತಾರೆ. ಊರ ಹೊರಗಿನ ಹಳ್ಳಕ್ಕೆ ಕರೆದೊಯ್ದು ಗಿಡ ಯಾವುದೆಂದು ಕೇಳಿದರೆ ಸುಮ್ಮನಾಗುತ್ತಾರೆ. ದೋಷ ಅವರದಲ್ಲ. ಕೋಶವನ್ನು ಕಲಿಸಿದ ನಾವು ಹಳ್ಳವನ್ನು ತೋರಿಸುವ ಪದ್ಧತಿಯನ್ನು ಬಿಟ್ಟು ಬಹಳ ಕಾಲವಾಯಿತು.

ಪಾಶ್ಚಾತ್ಯರ ಗ್ರಂಥಗಳಿಗೂ ಈ ಗಿಡ ಹೋದದ್ದು ನಮ್ಮ ನಾಡಿನ ಹೆಸರನ್ನು ಹೊತ್ತುಕೊಂಡೇ. ಡಚ್ಚರ ಅಧಿಕಾರಿ ವಾನ್ ರೀಡ್ ಎಂಬವನು ಮಲಬಾರಿನ ಸಸ್ಯಗಳನ್ನು ಕುರಿತು 'ಹಾರ್ಟಸ್ ಮಲಬಾರಿಕಸ್' ಎಂಬ ಗ್ರಂಥವನ್ನು 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಹೊರತಂದನು. ಆ ಕಾರ್ಯದಲ್ಲಿ ಅವನಿಗೆ ನೆರವಾದವರಲ್ಲಿ ಇಟ್ಟಿ ಅಚ್ಯುತನೆಂಬ ಮಲೆಯಾಳಿ ವೈದ್ಯನೂ ಒಬ್ಬ. ಅದರಲ್ಲಿ ಈ ಗಿಡವು 'ಬಾಹೇಲ್ ಶುಳ್ಳಿ' ಎಂಬ ಹೆಸರಿನಲ್ಲಿ ಬಂದಿದೆ. ಮಲೆಯಾಳದ ವಯಲ್‌ಚುಳ್ಳಿಯೇ ಡಚ್ಚರ ಕಿವಿಯಲ್ಲಿ ಹಾಗಾಯಿತು. ವಯಲ್ ಎಂದರೆ ಗದ್ದೆ. ಮುಂದೆ ಲಿನೇಯಸ್ ಇದನ್ನು ಒಂದು ವರ್ಗಕ್ಕೆ ಸೇರಿಸಿದ, ಅವನ ಬಳಿಕ ಬಂದವರು ಬೇರೊಂದಕ್ಕೆ. ನಕ್ಷತ್ರಾಕಾರದ ಮುಳ್ಳು ಎಂಬ ಅರ್ಥದ ಆಸ್ಟರಕಾಂಥ ಎಂಬ ಹೆಸರು ಆಯುರ್ವೇದದ ಪಠ್ಯಗಳಲ್ಲಿ ಇಂದಿಗೂ ಕಾಣಸಿಗುತ್ತದೆ. 1962ರಿಂದ ಹೆಚ್ಚು ಬಳಕೆಯಲ್ಲಿರುವ ಹೆಸರು ಹೈಗ್ರೊಫಿಲಾ ಆರಿಕ್ಯುಲೇಟಾ. ಕೆಲವರು ಹೈಗ್ರೊಫಿಲಾ ಶುಳ್ಳಿ ಎಂದೂ ಬರೆಯುತ್ತಾರೆ. ಹೈಗ್ರೊಫಿಲಾ ಎಂದರೆ ತೇವವನ್ನು ಪ್ರೀತಿಸುವುದು. ಭಾರತದಲ್ಲಿಯಂತೆ ಆಫ್ರಿಕಾ ಖಂಡದಲ್ಲಿಯೂ ಇದು ಸಹಜವಾಗಿ ಬೆಳೆಯುತ್ತದೆ. ಅಲ್ಲಿಯ ಕೆಲವು ಸೀಮೆಗಳಲ್ಲಿ ಇದನ್ನು ಸುಟ್ಟ ಬೂದಿಯಿಂದ ಉಪ್ಪಿನ ಬದಲಿಯನ್ನು ತೆಗೆಯುತ್ತಿದ್ದರು.

ಈಗ ಬೀಜದ ಸಂಗತಿ. ಅಂಗಡಿಯಿಂದ ತಂದ ತಾಲಿಮಖಾನಾ ಬೀಜವನ್ನು ಒಂದು ಚಮಚೆಯಷ್ಟು ಬಟ್ಟಲ ನೀರಿಗೆ ಹಾಕಿ ನೋಡಿರಿ. ಕೆಲವು ನಿಮಿಷಗಳಲ್ಲಿಯೇ ಪ್ರತಿಯೊಂದು ಬೀಜದ ಸುತ್ತ ಲೋಳೆಯ ಕವಚ ಮೂಡುತ್ತದೆ, ಕಾಮಕಸ್ತೂರಿಯ ಬೀಜದಂತೆಯೇ. ಬೀಜದ ಮೈಮೇಲೆ ಅಂಟಿಕೊಂಡಿದ್ದ ಸೂಕ್ಷ್ಮ ರೋಮಗಳು ನೀರು ಕುಡಿದು ನಿಮಿರುವುದರಿಂದ ಹೀಗಾಗುತ್ತದೆ. ಇದು ಔಷಧಿಗಾಗಿ ಆದ ಏರ್ಪಾಡಲ್ಲ. ಗಿಡದ ಬಾಳಿಗಾಗಿ ಆದದ್ದು. ಒಂದೇ ಮಳೆಗಾಲದ ಆಯುಷ್ಯವುಳ್ಳ ಗಿಡಕ್ಕೆ ಮರುವರ್ಷದ ಭರವಸೆ ಎಂದರೆ ಬೀಜವೊಂದೇ. ಗಡ್ಡೆಯಿಲ್ಲ, ಬೇರಿನಲ್ಲಿ ಉಳಿಯುವ ಜೀವವಿಲ್ಲ. ಬೇಸಗೆಯಲ್ಲಿ ಒಣ ಎರೆಯ ಬಿರುಕಿನಲ್ಲಿ ಬಿದ್ದ ಬೀಜವು ಮೊದಲ ಮಳೆ ಬಿದ್ದೊಡನೆ ಲೋಳೆಯಿಂದ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಹರಿಯುವ ನೀರಿನೊಂದಿಗೆ ಕೊಚ್ಚಿಹೋಗದೆ ಅಲ್ಲಿಯೇ ಮೊಳೆಯಲು ಅದು ಸಹಾಯಕ. ಕೊಕ್ಕರೆಯ ಕಾಲಿಗೋ ಎಮ್ಮೆಯ ಗೊರಸಿಗೋ ಅಂಟಿದರೆ ಮುಂದಿನ ಹೊಂಡಕ್ಕೆ ಪ್ರಯಾಣವೂ ಆದೀತು. ಮುಳ್ಳಿನ ಪ್ರಯೋಜನ ಹೇಳಬೇಕಾಗಿಯೇ ಇಲ್ಲ. ಊರ ದನಗಳೆಲ್ಲ ನೀರು ಕುಡಿಯಲು ಇಳಿಯುವ ಜಾಗದಲ್ಲಿಯೇ ಹುಟ್ಟಿ, ಬೀಜವಾಗುವವರೆಗೆ ಬದುಕಬೇಕಾದರೆ ಬೇರೇನು ಉಪಾಯವಿದೆ?

ಡೋಣಿಯ ದಂಡೆಯಲ್ಲಿ, ತಾಳಿಕೋಟೆಯ ಸಮೀಪ, ಎಮ್ಮೆ ಮೇಯಿಸುತ್ತಿದ್ದ ಒಬ್ಬ ವೃದ್ಧ ತಾಯಿಯನ್ನು ಈ ಗಿಡದ ಬಗೆಗೆ ಕೇಳಿದ್ದೆ. "ಆಯಿ, ಇದನ್ನ ದನ ತಿಂತಾವೇನು?" ಎಂದೆ. "ಮುಳ್ಳು ಬರೂತನಕ ತಿಂತಾವ್ರಿ ಶಾಸ್ತ್ರಿಗಳ, ಬಂದ ಮ್ಯಾಲ ಬಾಯಿ ಹಚ್ಚೂದಿಲ್ರಿ. ಹೂವಾ ಕಣ್ಣಿಂದ ನೋಡಬೇಕ್ರಿ, ಕೈ ಹಚ್ಚಬಾರದ್ರಿ" ಎಂದು ಆಕೆ ನಕ್ಕಳು. ಮುಳ್ಳು ಬರುವ ಮೊದಲಿನ ಎಳೆಯ ಕುಡಿಯನ್ನು ಕೊಯ್ದು ಬೇಳೆಯೊಂದಿಗೆ ಬೇಯಿಸುತ್ತಿದ್ದರೆಂದು ತನ್ನ ಅತ್ತೆ ಹೇಳುತ್ತಿದ್ದುದನ್ನೂ ನೆನೆಸಿಕೊಂಡಳು. ಆಕೆ ಮಾತ್ರ ಮಾಡಿದ್ದಿಲ್ಲವಂತೆ.

ಆ ತಾಯಿಯ ಅತ್ತೆಯ ಅಡುಗೆ ಶಾಸ್ತ್ರಸಮ್ಮತವಾದದ್ದು ಎಂಬುದನ್ನು ಓದುಗರು ಗಮನಿಸಬೇಕು. ವಾಗ್ಭಟನ ಅಷ್ಟಾಂಗಹೃದಯದಲ್ಲಿ ವಾತರಕ್ತದ ಚಿಕಿತ್ಸೆಯನ್ನು ಹೇಳುವಾಗ ಕೋಕಿಲಾಕ್ಷದ ಕಷಾಯವನ್ನು ಕುಡಿಯುವುದರೊಂದಿಗೆ ಅದರದೇ ಸೊಪ್ಪಿನ ಪಲ್ಯವನ್ನು ಉಣ್ಣುವ ವಿಧಾನ ಬರುತ್ತದೆ. ವಾತರಕ್ತವೆಂದರೆ ಕಾಲಿನ ಹೆಬ್ಬೆರಳ ಕೀಲಿನಲ್ಲಿ ಉರಿಯೂ ಬಾವೂ ಹುಟ್ಟಿ ಮೇಲಕ್ಕೇರುವ, ಇಂದಿನವರು ಯೂರಿಕ್ ಆಮ್ಲದ ಹೆಸರಿನಿಂದ ಗುರುತಿಸುವ ಬೇನೆಗೆ ಸಮೀಪವಾದ ರೋಗ. ವಾಗ್ಭಟನು ಅಲ್ಲಿ ಕೊಡುವ ಉಪಮೆ ವೈದ್ಯಗ್ರಂಥದಲ್ಲಿ ನಿರೀಕ್ಷಿಸುವಂಥದಲ್ಲ. ದಯೆಯನ್ನು ರೂಢಿಮಾಡಿಕೊಂಡವನಲ್ಲಿ ಕೋಪ ಹೇಗೆ ಅಡಗುವುದೋ ಹಾಗೆ ಈ ಔಷಧಿಗೆ ಆ ರೋಗ ಅಡಗುತ್ತದೆ ಎಂಬುದು ಅವನ ಹೋಲಿಕೆಯ ತಾತ್ಪರ್ಯ. ಒಂದು ದಿನ ಕುಡಿದು ಬಿಡುವುದಲ್ಲ, ಅಭ್ಯಾಸವಾಗಬೇಕು ಎಂಬ ಸೂಚನೆಯೂ ಅದರೊಳಗೇ ಇದೆ. ಚರಕಸಂಹಿತೆಯು ಇಕ್ಷುರಕವನ್ನು ಶುಕ್ರಶೋಧನವೆಂಬ ಹತ್ತು ಔಷಧಗಳ ಗುಂಪಿನಲ್ಲಿ ಎಣಿಸಿದೆ. ಮೂತ್ರವನ್ನು ಸರಾಗಗೊಳಿಸುವ ಗುಣಕ್ಕಾಗಿ ಬೇರನ್ನೂ, ಗಿಡವನ್ನು ಸುಟ್ಟು ತೆಗೆದ ಕ್ಷಾರವನ್ನೂ ವೈದ್ಯರು ಬಳಸುತ್ತ ಬಂದಿದ್ದಾರೆ. ಆ ಬೂದಿಯಲ್ಲಿ ಪೊಟ್ಯಾಸಿಯಂ ಲವಣಗಳು ಹೇರಳವಾಗಿರುವುದು ರಸಾಯನ ಪರೀಕ್ಷೆಯಿಂದಲೂ ತಿಳಿದಿದೆ. ಬಂಗಾಳದಲ್ಲಿ ಇದನ್ನು ಕುಲೇಖಾರಾ ಎನ್ನುತ್ತಾರೆ. ಅಲ್ಲಿ ಪೇಟೆಯಲ್ಲಿ ಕಟ್ಟು ಕಟ್ಟಾಗಿ ಸೊಪ್ಪನ್ನು ಮಾರುತ್ತಾರೆ. ರಕ್ತ ಕಡಿಮೆಯಾದವರಿಗೆ ಅದರ ರಸವನ್ನು ಕೊಡುವುದು ಮನೆಮನೆಯ ವಾಡಿಕೆ. ನಮ್ಮಲ್ಲಿ ಅದೇ ಸೊಪ್ಪನ್ನು ಕಸವೆಂದು ಕಿತ್ತು ಬದುವಿಗೆ ಎಸೆಯುತ್ತೇವೆ, ಬೀಜವನ್ನು ಮಾತ್ರ ಹೊರಗಿನಿಂದ ಬಂದ ಸರಕೆಂದು ರೊಕ್ಕ ಕೊಟ್ಟು ಕೊಳ್ಳುತ್ತೇವೆ.

ಶರಣರ ಗಣದಲ್ಲಿ ವೈದ್ಯ ಸಂಗಣ್ಣನಂಥವರು ತಮ್ಮ ಕಾಯಕದ ಪರಿಭಾಷೆಯಲ್ಲಿಯೇ ವಚನಗಳನ್ನು ರಚಿಸಿದ್ದಾರೆ. ವೈದ್ಯವು ನಮಗೆ ಪರಕೀಯ ವಿದ್ಯೆಯಲ್ಲ. ಹಾಗೆಂದು ಇದನ್ನು ಓದಿ ಯಾರೂ ತಾವಾಗಿಯೇ ಕಷಾಯಕ್ಕೆ ಇಳಿಯಬಾರದು ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ರಕ್ತದೊತ್ತಡಕ್ಕೆ, ಸಕ್ಕರೆ ರೋಗಕ್ಕೆ ಗುಳಿಗೆ ನುಂಗುತ್ತಿರುವವರು, ಮೂತ್ರಪಿಂಡದ ತೊಂದರೆಯುಳ್ಳವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಬಲ್ಲ ವೈದ್ಯರನ್ನು ಕೇಳದೆ ಇದನ್ನು ಸೇವಿಸಕೂಡದು. ಪೊಟ್ಯಾಸಿಯಂ ಹೆಚ್ಚಿರುವ ಕ್ಷಾರವು ಮೂತ್ರಪಿಂಡ ದುರ್ಬಲವಾದವರಿಗೆ ಅಪಾಯಕಾರಿಯೂ ಆಗಬಹುದು. ಹೆಣ್ಣುಮಕ್ಕಳ ರಕ್ತಹೀನತೆಗೆ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಬಿಟ್ಟು ಸೊಪ್ಪಿನ ರಸವನ್ನು ನಂಬುವುದು ಅವಿವೇಕ. ಇನ್ನೂ ಒಂದು ಮಾತು. ಗಿಡಕ್ಕೆ ಬೇಕಾದದ್ದು ಕೆಸರು. ಅದು ಹಳ್ಳದ ಕೆಸರೋ ಪೇಟೆಯ ಗಟಾರದ ಕೆಸರೋ ಎಂಬ ವಿವೇಚನೆ ಅದಕ್ಕಿಲ್ಲ. ಗಟಾರದ ನೀರಿನಲ್ಲಿ, ಗ್ಯಾರೇಜುಗಳ ಎಣ್ಣೆ ಹರಿಯುವ ತಗ್ಗಿನಲ್ಲಿ ಬೆಳೆದ ಗಿಡವು ಅಲ್ಲಿಯ ವಿಷವನ್ನೂ ಹೀರಬಹುದು. ಅಂಥ ಕಡೆಯ ಸೊಪ್ಪು ಬೀಜಗಳು ಬೇಡವೇ ಬೇಡ. ಅಂಗಡಿಯಲ್ಲಿ ಕೇಳುವಾಗಲೂ ಎಚ್ಚರಿಕೆ ಅಗತ್ಯ: ಮಖಾನಾ ಎಂದು ಬೆಳ್ಳಗೆ ಅರಳಿಸಿ ಮಾರುವ ತಿಂಡಿ ಬಿಹಾರದ ಕೊಳಗಳಲ್ಲಿ ಬೆಳೆಯುವ ನೈದಿಲೆಯ ಬಳಗದ ಗಿಡವೊಂದರ ಬೀಜ. ಹೆಸರಿನ ಸಾಮ್ಯವೊಂದನ್ನು ಬಿಟ್ಟರೆ ತಾಲಿಮಖಾನೆಗೂ ಅದಕ್ಕೂ ಸಂಬಂಧವಿಲ್ಲ.

ಔಷಧಿಗೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಗಿಡವನ್ನು ಉಳಿಸಬೇಕೆಂಬ ವಾದ ನನಗೆ ಅಷ್ಟಾಗಿ ಒಪ್ಪಿತವಾದುದಲ್ಲ. ಈ ಗಿಡದ ಎಲೆಯನ್ನು ತಿಂದು ಬೆಳೆಯುವ ಚಿಟ್ಟೆಯ ಹುಳುಗಳಿವೆ. ರೆಕ್ಕೆಯ ಮೇಲೆ ನವಿಲುಗರಿಯ ಕಣ್ಣಿನಂಥ ಚುಕ್ಕೆಯುಳ್ಳ ಕಿತ್ತಳೆ ಬಣ್ಣದ ಚಿಟ್ಟೆಯನ್ನು ಚಳಿಗಾಲದಲ್ಲಿ ಹಳ್ಳದ ಬದಿಯಲ್ಲಿ ಹಲವರು ಕಂಡಿರಬಹುದು. ಅದೂ ಅದರ ಬಳಗದ ಇನ್ನೆರಡು ಮೂರು ಚಿಟ್ಟೆಗಳೂ ಈ ಗಿಡದ ಮೇಲೆ ಮೊಟ್ಟೆಯಿಡುತ್ತವೆ. ಹಿಂಗಾರಿಯ ಬೆಳೆಗಳು ಹೂವಿಗೆ ಬರುವ ಮೊದಲಿನ ಕಾಲದಲ್ಲಿ ದುಂಬಿ ಜೇನುಗಳಿಗೆ ಇದರ ಹೂವಿನಲ್ಲಿ ಆಹಾರವುಂಟು. ಮುಳ್ಳಿನ ಪೊದೆಯೊಳಗೆ ಕಪ್ಪೆಗಳಿಗೆ ಆಶ್ರಯವುಂಟು. ನಮ್ಮ ಕಣ್ಣಿಗೆ ರಾಡಿಯಾಗಿ ಕಾಣುವುದು ಇವುಗಳ ಪಾಲಿಗೆ ತುಂಬಿದ ಊರು.

ಆ ಊರು ಎಲ್ಲಿದೆ ಎಂದರೆ ನೀರಿನ ಅಂಚಿನಲ್ಲಿ. ನಮ್ಮ ನಾಲ್ಕು ತಾಲೂಕುಗಳ ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಇಂಡಿ ಸಿಂದಗಿಯವರಿಗೆ ಭೀಮೆಯ ಕೆಸರು ಹೇಗಿರುತ್ತದೆಂಬುದನ್ನು 2020ರ ಅಕ್ಟೋಬರದ ಪ್ರವಾಹವೇ ಮನೆಯೊಳಗೆ ತಂದು ತೋರಿಸಿತು. ಡೋಣಿಯು ಮಹಾರಾಷ್ಟ್ರದ ಜತ್ತ ಸೀಮೆಯಲ್ಲಿ ಹುಟ್ಟಿ ಬಾಗೇವಾಡಿ, ಮುದ್ದೇಬಿಹಾಳಗಳ ಎರೆಯನ್ನು ಸೀಳಿಕೊಂಡು ಹರಿದು ಕೃಷ್ಣೆಯನ್ನು ಸೇರುತ್ತದೆ. ಅದರ ನೀರು ಸವಳು, ದಂಡೆ ಕೊರೆಯುವ ಸ್ವಭಾವ, ಮಳೆ ಹೆಚ್ಚಾದರೆ ಊರಿಗೇ ನುಗ್ಗುತ್ತದೆ. ಆದರೂ ಡೋಣಿ ಬೆಳೆದ ವರ್ಷ ಓಣಿಗೆಲ್ಲ ಜೋಳ ಎಂಬ ಅರ್ಥದ ಮಾತು ನಮ್ಮ ಜನರ ಬಾಯಲ್ಲಿದೆ. ಆ ಜೋಳವನ್ನು ಬೆಳೆಯುವ ಎರೆಯೇ ತಗ್ಗಿನಲ್ಲಿ ನೀರು ಹಿಡಿದು ಕೊಳವಳಿಕೆಯನ್ನೂ ಬೆಳೆಯುತ್ತದೆ. ಎರೆಮಣ್ಣು ನೀರನ್ನು ಬೇಗ ಇಂಗಿಸುವುದಿಲ್ಲ, ಬೇಗ ಬಿಟ್ಟುಕೊಡುವುದೂ ಇಲ್ಲ. ಅದರಿಂದಲೇ ಮಳೆ ನಿಂತು ಎರಡು ಮೂರು ತಿಂಗಳಾದರೂ ಅಂಚು ಒದ್ದೆಯಾಗಿರುತ್ತದೆ.

ಹಿಂದಿನವರು ಕಟ್ಟಿದ ಕೆರೆಗಳಿಗೂ ಇಂಥ ಅಂಚು ಇರುತ್ತಿತ್ತು. ಭೀಮೆಯ ಆಚೆಗಿರುವ ಸೊನ್ನಲಿಗೆಯಲ್ಲಿ ಸಿದ್ಧರಾಮೇಶ್ವರರು ಕೆರೆಯನ್ನು ಕಟ್ಟಿಸಿದ ಕಥೆಯನ್ನು ರಾಘವಾಂಕನು ಸಿದ್ಧರಾಮ ಚಾರಿತ್ರದಲ್ಲಿ ಹೇಳಿದ್ದಾನೆ. ಅಂಥ ಕೆರೆಗಳ ಒಂದು ಬದಿಯಲ್ಲಿ ಏರಿ. ಉಳಿದ ಬದಿಗಳಲ್ಲಿ ನೆಲವು ತಾನಾಗಿ ಇಳಿಜಾರಾಗಿ ನೀರಿನೊಳಗೆ ಇಳಿಯುತ್ತಿತ್ತು. ನೀರು ಹಿಂದೆ ಸರಿದಂತೆಲ್ಲ ಹೊಸ ಕೆಸರು ಬಿಚ್ಚಿಕೊಳ್ಳುತ್ತಿತ್ತು. ಅಲ್ಲಿಯೇ ಹುಲ್ಲು, ಅಲ್ಲಿಯೇ ಈ ಗಿಡ, ಅಲ್ಲಿಯೇ ಹಕ್ಕಿಗಳು.

1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಅಣೆಕಟ್ಟು ದಶಕಗಳ ಬಳಿಕ ಪೂರ್ಣಗೊಂಡಿತು. ನಾರಾಯಣಪುರದ ಬಸವಸಾಗರ ಅದಕ್ಕೂ ಮೊದಲೇ, 1982ರಲ್ಲಿ, ಸಿದ್ಧವಾಗಿತ್ತು. ಇವುಗಳಿಂದ ಕಾಲುವೆಗಳೂ ಏತ ನೀರಾವರಿಗಳೂ ಬಂದವು. ಕಳೆದ ದಶಕದಲ್ಲಿ ನಮ್ಮ ಜಿಲ್ಲೆಯ ಬತ್ತಿದ ಕೆರೆಗಳನ್ನು ನದಿಯ ನೀರಿನಿಂದ ತುಂಬಿಸುವ ಕಾರ್ಯವೂ ನಡೆಯಿತು. ಬರದ ದಿನಗಳಲ್ಲಿ ಗುಳೆ ಹೋದ ಮನೆತನಗಳನ್ನು ಕಂಡ ನಮ್ಮ ತಲೆಮಾರಿನವರಿಗೆ ಇದರ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನೀರು ಬಂದದ್ದು ಭಾಗ್ಯ. ಆ ಭಾಗ್ಯದೊಂದಿಗೆ ಬಂದ ಒಂದು ಅವಸರವನ್ನು ಕುರಿತು ಮಾತ್ರ ನನ್ನ ಆಕ್ಷೇಪವಿದೆ. ಕೆರೆಯನ್ನು ಹೂಳೆತ್ತುವಾಗ ಯಂತ್ರವನ್ನಿಳಿಸಿ ನಾಲ್ಕೂ ಕಡೆ ನೆಟ್ಟಗೆ ಗೋಡೆಯಂತೆ ಕಡಿಯುತ್ತಾರೆ. ಸುತ್ತಲೂ ಕಲ್ಲು ಹೊದಿಸುತ್ತಾರೆ, ಮೇಲೆ ಓಡಾಡುವ ಹಾದಿ ಮಾಡುತ್ತಾರೆ. ನೋಡಲು ಅಂದ, ಆದರೆ ಇಳಿಜಾರೇ ಇಲ್ಲದ ಕೆರೆಯಲ್ಲಿ ನೀರಿದ್ದಾಗ ಆಳದ ನೀರು, ಇಲ್ಲದಾಗ ಒಣ ಹೊಂಡ. ನಡುವಿನ ಕೆಸರಿನ ಅಂಚು ಇಲ್ಲವೇ ಇಲ್ಲ. ಇನ್ನೊಂದೆಡೆ, ಕಾಲುವೆಯ ನೀರು ಬಸಿದು ಹೊಲಗಳು ಸವಳು-ಜವಳಾಗುತ್ತಿವೆ. ಅಲ್ಲಿ ಕೆಸರಿದೆ, ಆದರೆ ಅದು ರೈತನ ಕಣ್ಣೀರಿನ ಕೆಸರು, ಅದನ್ನು ಬಸಿಗಾಲುವೆ ತೋಡಿ ಒಣಗಿಸಲೇಬೇಕು. ಕೈಬಿಟ್ಟ ಕೆರೆಯಂಗಳಗಳಲ್ಲಿ ಹೊರನಾಡಿನಿಂದ ಬಂದ ಬಳ್ಳಾರಿ ಜಾಲಿಯೂ ಕಾಂಗ್ರೆಸ್ ಕಸವೂ ಗುಂಪುಗಟ್ಟಿವೆ. ಈ ನೆಲದ್ದೇ ಆದ ಒಂದು ವರ್ಷದ ಗಿಡಕ್ಕೆ ಹೀಗೆ ಜಾಗ ಕಿರಿದಾಗುತ್ತ ಬಂದಿದೆ. ಭಾರತದಲ್ಲಿ ಈ ಗಿಡ ಅಳಿವಿನ ಅಂಚಿನಲ್ಲಿದೆ ಎಂದು ನಾನು ಹೇಳುತ್ತಿಲ್ಲ; ಇನ್ನೂ ಎಷ್ಟೋ ಕಡೆ ಹುಲುಸಾಗಿದೆ. ನಮ್ಮ ಊರಿನ ಹಳ್ಳದಲ್ಲಿ ಇಲ್ಲವಾದರೆ ಅದು ಬಂಗಾಳದಲ್ಲಿದ್ದು ನಮ್ಮ ಮಕ್ಕಳಿಗೇನು ಪ್ರಯೋಜನ ಎಂಬುದಷ್ಟೇ ಪ್ರಶ್ನೆ.

ಬೇಕಾದದ್ದು ಅಲ್ಪ. ಕೆರೆಯ ಅಭಿವೃದ್ಧಿಗೆ ಗ್ರಾಮ ಪಂಚಾಯತಿಯಲ್ಲಿ ಠರಾವು ಆಗುವಾಗ ನೀರು ಒಳಬರುವ ಬದಿಯನ್ನು ಕಲ್ಲು ಹೊದಿಸದೆ ಇಳಿಜಾರಾಗಿ ಬಿಡಿರೆಂದು ಊರ ಹಿರಿಯರು ಒಂದು ಮಾತು ಸೇರಿಸಬಹುದು. ಅದರಿಂದ ಕೆರೆಗೆ ಬರುವ ಹೂಳೂ ಅಲ್ಲಿಯೇ ತಡೆಯುತ್ತದೆ, ದನ ಇಳಿದು ನೀರು ಕುಡಿಯಲೂ ದಾರಿಯಾಗುತ್ತದೆ. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಆಯುರ್ವೇದ ಮಹಾವಿದ್ಯಾಲಯವಿದೆ. ಅಲ್ಲಿ ಓದುವ ನಮ್ಮ ಹಳ್ಳಿಗಳ ಮಕ್ಕಳು ರಜೆಗೆ ಊರಿಗೆ ಬಂದಾಗ ಆ ತಾಯಿಯಂಥ ವೃದ್ಧರನ್ನು ಕರೆದುಕೊಂಡು ಹಳ್ಳಕ್ಕೆ ಹೋಗಿ ಹೆಸರುಗಳನ್ನು ಬರೆದಿಟ್ಟುಕೊಂಡರೆ ಕೋಶಕ್ಕೂ ಕೆಸರಿಗೂ ಮತ್ತೆ ನಂಟು ಬೆಳೆದೀತು.

ಮಠದ ಹೂದೋಟದಲ್ಲಿಯೋ ಮನೆಯ ಹಿತ್ತಿಲಲ್ಲಿಯೋ ಬೆಳೆಸಬೇಕೆನ್ನುವವರಿಗೆ ಕಷ್ಟವೇನಿಲ್ಲ. ಒಡೆದ ದೋಣಿಯೋ ಅಗಲ ಬಾಯಿಯ ಹಳೆಯ ಪಾತ್ರೆಯೋ ಸಾಕು. ಅರ್ಧದಷ್ಟು ಎರೆಮಣ್ಣು, ಮೇಲೆ ಕೆರೆಯ ಹೂಳು. ಮೃಗಶಿರಾ ಮಳೆಯ ಹೊತ್ತಿಗೆ ಹೊಸ ಬೀಜವನ್ನು ಮೇಲುಮೇಲೆ ಚೆಲ್ಲಿ, ಮಣ್ಣು ಸದಾ ರಾಡಿಯಾಗಿರುವಂತೆ ನೀರು ಹಾಕಬೇಕು. ಸಸಿ ಗೇಣುದ್ದವಾದ ಮೇಲೆ ಎರಡು ಬೆರಳು ನೀರು ನಿಂತರೂ ತೊಂದರೆಯಿಲ್ಲ, ಸೊಳ್ಳೆಯ ಮರಿಯಾಗದಂತೆ ವಾರಕ್ಕೊಮ್ಮೆ ನೀರನ್ನು ಬಸಿದು ಬದಲಾಯಿಸಬೇಕು. ಚಿಕ್ಕ ಮಕ್ಕಳು ಓಡಾಡುವ ದಾರಿಯಿಂದ ದೂರವಿಡುವುದು ಒಳಿತು. ಹೂವು ಮುಗಿದು ಕಾಯಿ ಕಂದುಬಣ್ಣಕ್ಕೆ ತಿರುಗಿದಾಗ ನೀರು ಹಾಕುವುದನ್ನು ನಿಲ್ಲಿಸಿ, ಕೈಗೆ ದಪ್ಪ ಗೋಣಿಯ ತುಂಡು ಸುತ್ತಿಕೊಂಡು ಕಾಂಡವನ್ನು ಬುಡದಲ್ಲಿ ಕುಡುಗೋಲಿನಿಂದ ಕೊಯ್ಯಬೇಕು. ಬಿಳಿಯ ಅರಿವೆಯ ಮೇಲೆ ಹರಡಿ ನಾಲ್ಕು ದಿನ ಬಿಸಿಲಿಗಿಡಿರಿ. ಮೇಲೆ ತೆಳುವಾದ ಇನ್ನೊಂದು ಅರಿವೆಯನ್ನು ಹೊದಿಸುವುದನ್ನು ಮರೆಯಬೇಡಿರಿ. ಕಾಯಿ ಬಿರಿದಾಗ ಬೀಜ ಅಂಗಳದ ತುಂಬ ಚೆದುರಿಬಿಡುತ್ತದೆ.